ಕಡ ಕೊಟ್ಟ ಮೂಗು

ಅಕ್ಟೋಬರ್ 8, ಬೆಳಿಗ್ಗೆ

ಲವಂಗ — ಇಲ್ಲ. ನಿಂಬೆ — ಇಲ್ಲ. ಗುಲಾಬಿ ಅತ್ತರ್ — ಇಲ್ಲ. ನೀಲಗಿರಿ ಎಣ್ಣೆ ಹಿಡಿದಾಗ ಮಾತ್ರ ಸುನಂದಾಳ ಹುಬ್ಬು ಮೇಲಕ್ಕೆ ಹೋಯಿತು. "ಬಂತಾ?" ಅಂದೆ. ಕಣ್ಣು ಮುಚ್ಚಿಕೊಂಡೇ ತಲೆ ಅಲ್ಲಾಡಿಸಿದಳು.

"ತಣ್ಣಗ ಆತ್ರಿ, ಅಷ್ಟ. ವಾಸನಿ ಅಲ್ಲಿದು. ಬರೇ ಚಳಿ."

ನಾಲ್ಕೂ ಸೀಸೆ ಮುಚ್ಚಿ ಗೂಡಿನಲ್ಲಿಟ್ಟೆ. ಡಾಕ್ಟರ್ ಹೇಳಿದ ವ್ಯಾಯಾಮ. ದಿನಾ ಎರಡು ಹೊತ್ತು ಮೂಗಿಗೆ ಪಾಠ. ಮಳೆಗಾಲದಲ್ಲಿ ಕೋಳೂರು ಕ್ರಾಸ್ ಹತ್ತಿರ ಸ್ಕೂಟಿ ಜಾರಿ ಸುನಂದಾಳ ಹಿಂದಲೆಗೆ ಪೆಟ್ಟಾಯಿತು. ಹೊಲಿಗೆ ಬಿಚ್ಚಿದರು, ಕೂದಲು ಬೆಳೆಯಿತು, ತಲೆನೋವೂ ಹೋಯಿತು. ಮೂಗು ಮಾತ್ರ ವಾಪಸ್ ಬರಲಿಲ್ಲ. ಒಳಗಿನ ಸಣ್ಣ ನರಗಳು ಹರಿದಿರಬಹುದು, ಬಂದರೆ ಬರಬಹುದು, ಇಲ್ಲದಿದ್ದರೆ ಇಲ್ಲ ಅಂದರು ಡಾಕ್ಟರ್.

ಬೇರೆ ಯಾರಿಗಾದರೂ ಆಗಿದ್ದರೆ... ನನಗೇ ಆಗಿದ್ದರೂ ನಡೆಯುತ್ತಿತ್ತು. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಜೀನ್ಸ್ ಹೊಲಿಯುವವರಿಗೆ ದಾರ, ಜಿಪ್ಪು, ಗುಂಡಿ ಮಾರುವವನಿಗೆ ಮೂಗು ಯಾಕೆ? ನನ್ನ ಹೆಂಡತಿ ವೈನ್ ಮಾಡುವವಳು. ತೋಟಗಾರಿಕೆ ಓದಿ, ವಿಜಯಪುರದ ಕಡೆ ಕೆಲಸ ಕಲಿತು ಬಂದವಳು. ಕುರುಗೋಡು ಗುಡ್ಡದ ಬುಡದಲ್ಲಿ ಕೊಟ್ರಬಸಪ್ಪನವರ ದ್ರಾಕ್ಷಿ ತೋಟ, ತೋಟದೊಳಗೆ ಸಣ್ಣ ವೈನರಿ. ಯಾವ ಪೀಪಾಯಿ ಹದಕ್ಕೆ ಬಂತು, ಯಾವುದು ಕೆಟ್ಟಿತು, ಯಾವುದಕ್ಕೆ ಯಾವುದನ್ನು ಎಷ್ಟು ಬೆರೆಸಬೇಕು — ಎಲ್ಲ ಇವಳ ಮೂಗೇ ಹೇಳಬೇಕು. ಹೇಳುತ್ತಿತ್ತು.

ಅಲ್ಲಿ ಯಾರಿಗೂ ತಿಳಿಸಿಲ್ಲ. ತಿಳಿದರೆ ಕೆಲಸ ಇರುತ್ತದೋ ಇಲ್ಲವೋ.

ಬಸ್ಸಿಗೆ ಹೋದಳು. ಸ್ಕೂಟಿ ಇನ್ನೂ ಮುಟ್ಟಿಲ್ಲ.

ಅಕ್ಟೋಬರ್ 12

ಸಂಜೆ ಊಟದ ಚೀಲದಿಂದ ನಾಲ್ಕೈದು ಸಣ್ಣ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ಪ್ರತಿಯೊಂದಕ್ಕೂ ಬಿಳಿ ಪಟ್ಟಿ, ಪೀಪಾಯಿ ನಂಬರ್. ಒಳಗೆ ಕಪ್ಪಗೆ ಕಾಣುವ ಕೆಂಪು.

"ಮೆರ್ಲೋ ದ್ರಾಕ್ಷೀದು," ಅಂದಳು. "ಈ ಸಲದ್ದು. ಜನವರಿಯೊಳಗ ಬ್ಲೆಂಡ್ ಆಗಬೇಕು. ಮೆರ್ಲೋನ ಹೆಚ್ಚು, ಮ್ಯಾಲ ಒಂಚೂರು ಶಿರಾಜ್, ಒಂಚೂರು ಕ್ಯಾಬರ್ನೆ. ಎಷ್ಟು ಅಂತ ನಾ ಹೇಳಬೇಕು."

"ಹೆಂಗ ಹೇಳ್ತಿ?"

ನನ್ನ ಮುಖವನ್ನೇ ನೋಡಿದಳು. ಆಮೇಲೆ ತಿಳಿಯಿತು.

"ಏ, ನಾ ಲಿಂಗ ಕಟ್ಟಿದವ!"

"ನಾನೂ ಕಟ್ಟೀನ್ರಿ. ನುಂಗ್ರಿ ಅಂದೆನಾ? ಬಾಯಾಗ ಹಾಕ್ಕೊಂಡು ಉಗುಳ್ರಿ. ಮೂಗು ನಿಮ್ಮದು ಕಡ ಕೊಡ್ರಿ, ಅಷ್ಟ."

ಇಷ್ಟು ವರ್ಷ ಇವಳು ಒಂದು ಹನಿ ನುಂಗಿದ್ದು ನೋಡಿಲ್ಲ, ಅದು ಖರೆ. ನೆಂಟರಿಗೆ "ದ್ರಾಕ್ಷಿ ಕಂಪನಿಯಾಗ ಅದಾಳ" ಅಂತ ಹೇಳಿಕೊಂಡು ಬಂದಿದ್ದೇವೆ. ನಾನಂತೂ ವಾಸನೆ ಕೂಡ ನೋಡಿದವನಲ್ಲ.

ಗ್ಲಾಸಿಗೆ ಎರಡು ಬೆರಳು ಹಾಕಿ ಕೊಟ್ಟಳು. ಮೂಗಿಗೆ ಹಿಡಿದೆ. ಬಾಯಿಗೆ ಹಾಕಿದೆ. ತಂಬಿಗೆಯಲ್ಲಿ ಉಗುಳಿದೆ.

"ಹೆಂಗೈತಿ?"

ತುಂಬಾ ಯೋಚಿಸಿ ಹೇಳಿದೆ: "ಕೆಂಪಗೈತಿ."

ನಕ್ಕಳು. ಬಿದ್ದ ದಿನದಿಂದ ಮೊದಲ ಸಲ ಹಲ್ಲು ಕಾಣುವ ಹಾಗೆ ನಕ್ಕಳು. ಇದಕ್ಕಾದರೂ ದಿನಾ ಉಗುಳಬಹುದು.

ಅಕ್ಟೋಬರ್ 13, ಭಾನುವಾರ

ಊಟಕ್ಕೆ ಮೊದಲು ಬಾಯಿ ಶುದ್ಧ ಇರುತ್ತದಂತೆ, ರುಚಿ ನೋಡಲು ಅದೇ ಹೊತ್ತು. ಪೂಜೆಯೂ ಅದೇ ಹೊತ್ತು. ಮೊದಲು ಉಗುಳು, ಆಮೇಲೆ ಸ್ನಾನ, ಆಮೇಲೆ ಪೂಜೆ — ಹೀಗೆ ರಾಜಿ ಮಾಡಿಕೊಂಡೆ. ಶಿವ ನೋಡಿಕೊಳ್ಳಲಿ.

ಪಾಠ ಶುರು. ಗ್ಲಾಸನ್ನು ಬಿಳಿ ಬಟ್ಟೆ ಮುಂದೆ ವಾಲಿಸಿ ಬಣ್ಣ ನೋಡಬೇಕು. ನನ್ನ ಪಂಚೆ ಹಾಸಿದೆವು. ಬಣ್ಣಕ್ಕೆ ನಾನು ಹೆದರಲಿಲ್ಲ, ದಾರದ ಶೇಡ್ ಕಾರ್ಡ್ ಮುಂದೆಯೇ ಕೂದಲು ಹಣ್ಣಾಗಿದೆ. "ನಡುವ ಮರೂನ್. ಅಂಚಿಗೆ ನೇರಳಿ ಕಳದು ದಾಳಿಂಬ್ರಿ ಆಗೈತಿ" ಅಂದೆ. ಚಲೋ ಅಂದಳು.

ಗ್ಲಾಸು ತಿರುಗಿಸಿ ಮೂಗು ಒಳಗಿಟ್ಟು ಸಣ್ಣಗೆ ಎಳೆಯಬೇಕು, ನಶ್ಯ ಏರಿಸಿದ ಹಾಗೆ ಅಲ್ಲ.

"ಏನ್ ಬರ್ತೈತಿ?"

"ವೈನ್."

"ಅಯ್ಯ! ವೈನಿನೊಳಗ ಏನೈತಿ ನೋಡ್ರಿ. ಹಣ್ಣು ಐತೇನು? ಯಾವ ಹಣ್ಣು?"

ಕಣ್ಣು ಮುಚ್ಚಿದೆ. ಬಂತು, ನಿಧಾನಕ್ಕೆ. ನೇರಳೆ ಹಣ್ಣು, ತಿಂದ ಮೇಲೆ ನಾಲಿಗೆ ಮೇಲೆ ಉಳಿಯುವಂಥದ್ದು. ಅದರ ಹಿಂದೆ ಪಲಾವ್ ಎಲೆ. ಅದರ ಹಿಂದೆ ಬಡಗಿ ಅಂಗಡಿ. ಒಂದೊಂದು ಹೇಳಿದ ಹಾಗೂ ಇವಳ ಮುಖ ಅರಳುತ್ತಿತ್ತು. ಊರಿನ ಸುದ್ದಿ ಕೇಳುವವರ ಮುಖದ ಹಾಗೆ.

ಬಾಯಲ್ಲಿ ಏನು ಅಂತ ಕೇಳಿದಳು. ಅಡಿಕೆ ಅಗಿದ ಹಾಗೆ ಒಗರು ಅಂದೆ. ಅದು ಸಿಪ್ಪೆಯಿಂದ ಬರುತ್ತದೆ, ವಯಸ್ಸಾದ ಹಾಗೆ ಮೆತ್ತಗಾಗುತ್ತದೆ ಅಂದಳು.

"ನೀನೂ ಒಂದು ಗುಟುಕು ಬಾಯಿಗಿ ಹಾಕ್ಕೋ. ಹುಳಿ, ಒಗರು ನಾಲಿಗಿಗಿ ಗೊತ್ತಾಗ್ತಾವ ಅಂತ ನೀನ ಹೇಳಿದ್ದಿ."

ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು. "ಬ್ಯಾಡ್ರಿ."

ಪೆಟ್ಟಾದ ಮೇಲೆ ಒಂದು ಸಲವೂ ಹಾಕಿಕೊಂಡಿಲ್ಲ ಅಂತ ಆಗಲೇ ಗೊತ್ತಾಗಿದ್ದು. ಮತ್ತೆ ಕೇಳಲಿಲ್ಲ.

ಅಕ್ಟೋಬರ್ 19, ಅಂಗಡಿಯಲ್ಲಿ

ಮೂಗು ಹುಚ್ಚು ಹಿಡಿದ ಹಾಗಿದೆ. ಎಲ್ಲದಕ್ಕೂ ಹೋಗಿ ಅಂಟುತ್ತದೆ. ಹೊಸ ಜಿಪ್ಪಿನ ಡಬ್ಬಿ ತೆರೆದರೆ ಹಳೆ ನಾಣ್ಯ. ಡೆನಿಮ್ ತಾನು ಹೊತ್ತು ಯಾರಾದರೂ ಮುಂದೆ ಹಾದರೆ ನೀಲಿಯ ವಾಸನೆ — ಹೌದು, ನೀಲಿಗೆ ವಾಸನೆ ಇದೆ, ಒದ್ದೆ ಹುಲ್ಲಿನದು, ಸ್ವಲ್ಪ ಕೊಳೆತದ್ದು. ಎದುರಿಗೆ ಗೋಣಿಚೀಲ, ಬೆಲ್ಲ, ಒಣಮೆಣಸಿನಕಾಯಿ. ಇಷ್ಟು ವರ್ಷ ಈ ಬೀದಿಯಲ್ಲಿ ಕೂತು ಏನು ಮಾಡುತ್ತಿದ್ದೆ?

ಪಕ್ಕದ ಅಂಗಡಿ ಚಂದ್ರಣ್ಣ ನೋಡಿ ನೋಡಿ ಕೇಳಿದ, "ಏನ್ಲೇ ಗವಿಸಿದ್ದ, ನಾಯಿ ಮೂಸಿದಂಗ ಮೂಸಾಕತ್ತಿ? ನೆಗಡಿ ಏನು?"

"ಹೌದಲೇ, ನೆಗಡಿ" ಅಂದೆ.

ಸಂಜೆ ಮನೆಗೆ ಹೋಗಿ ಬೀದಿಯೆಲ್ಲ ಹೇಳಿದೆ, ಒಂದೂ ಬಿಡದೆ. ರೊಟ್ಟಿ ತಟ್ಟುತ್ತಾ ಕೇಳಿದಳು. "ಬೆಲ್ಲ ಹಳೇದಾ, ಹೊಸಾದಾ?" ಅಂದಳು. ಅದು ನೋಡಿರಲಿಲ್ಲ. ನಾಳೆ ನೋಡಬೇಕು.

ನವೆಂಬರ್ 2, ಸಿರುಗುಪ್ಪ

ಪಾಡ್ಯ. ಅತ್ತೆಯ ಮನೆ. ದಾಕ್ಷಾಯಣಮ್ಮ ಅಂದರೆ ಸಿರುಗುಪ್ಪದ ಅರ್ಧ ಓಣಿಗೆ ಅಡುಗೆಯಲ್ಲಿ ದೊಡ್ಡವರು. ಬಾಗಿಲಲ್ಲೇ ಹೂರಣ, ಏಲಕ್ಕಿ, ತುಪ್ಪ. ಕಾಲುವೆ ಕಡೆಯಿಂದ ಗಾಳಿಗೆ ಹಣ್ಣಾಗುತ್ತಿರುವ ಭತ್ತ. ನನಗೆ ಎಲ್ಲ ಬಂತು. ಇವಳು ಚಪ್ಪಲಿ ಬಿಟ್ಟು ಸುಮ್ಮನೆ ಒಳಗೆ ಹೋದಳು.

ಊಟಕ್ಕೆ ಕೂತಾಗ ಅತ್ತೆ ಹೋಳಿಗೆ ಮೇಲೆ ತುಪ್ಪ ಸುರಿದು ಮಗಳ ಮುಖ ನೋಡಿದರು. "ಹೆಂಗಾಗ್ಯಾವ?"

"ಚಲೋ ಆಗ್ಯಾವವ್ವ."

"ಏಲಕ್ಕಿ ಕಡಿಮಿ ಆತಾ?"

"ಇಲ್ಲ, ಹದ ಐತಿ."

ಅತ್ತೆ ಕೈಯಲ್ಲಿದ್ದ ತುಪ್ಪದ ಗಿಂಡಿ ಕೆಳಗಿಟ್ಟರು. "ನಿನ್ನ ತಟ್ಟಿಗಿ ಹಾಕಿದ್ದಕ್ಕ ಏಲಕ್ಕೀನ ಹಾಕಿಲ್ಲ ನಾ. ಸಣ್ಣಾಕಿದ್ದಾಗಿಂದ ಏಲಕ್ಕಿ ಆಗಂಗಿಲ್ಲ ನಿನಗ. ಮರತಿಯೇನು?"

ಸುನಂದಾ ತಲೆ ತಗ್ಗಿಸಿದಳು. ಒಂದು ಹನಿ ಹೋಳಿಗೆ ಮೇಲೇ ಬಿತ್ತು. ನಾನು ಹೇಳಲು ಬಾಯಿ ತೆರೆದೆ, ಇವಳೇ ಹೇಳಿದಳು, ಎಲ್ಲ. ಮೂರು ತಿಂಗಳು ತಾಯಿಗೆ ಹೇಳದ್ದು.

ಅತ್ತೆ ಅಳಲಿಲ್ಲ. ತಟ್ಟೆ ಸರಿಸಿದರು. ಒಳಗೆ ಹೋಗಿ ಏನೇನೋ ತಂದರು. ಕಟಕಟ ಅನ್ನುವ ಸಜ್ಜೆ ರೊಟ್ಟಿ. ಗುರೆಳ್ಳು ಚಟ್ನಿಪುಡಿ. ಪುಂಡಿ ಪಲ್ಯ, ಹಲ್ಲು ಜುಮ್ಮೆನ್ನುವಷ್ಟು ಹುಳಿ. ಮೇಲೆ ಹಸಿ ಉಳ್ಳಾಗಡ್ಡಿ.

"ವಾಸನಿ ಹೋದ್ರ ಹೋಗಲಿ. ಹಲ್ಲದಾವ, ನಾಲಿಗಿ ಐತಿ. ತಿನ್ನು."

ತಿಂದಳು. ಮುರಿದ ಸಪ್ಪಳ ಪಡಸಾಲೆ ತನಕ ಕೇಳಿತು. ಒಂದು, ಎರಡು, ಮೂರನೆಯ ರೊಟ್ಟಿ. ಹುಳಿಗೆ ಒಂದು ಕಣ್ಣು ಮುಚ್ಚಿಕೊಂಡಳು. "ಅವ್ವಾ, ಹುಳಿ ಇಲ್ಲಿ ಹತ್ತಿತು, ಕಪಾಳದ ಬುಡಕ್ಕ. ಗುರೆಳ್ಳು ಹಿಂದ ಜಿಡ್ಡು. ಆಮ್ಯಾಲ ಕಹಿ, ಸಣ್ಣದು..." ಹೇಳುತ್ತಾ ಹೇಳುತ್ತಾ ನನ್ನ ಕಡೆ ತಿರುಗಿದಳು. ಆ ನೋಟ ನನಗೆ ಗೊತ್ತು. ಕೆಲಸಕ್ಕೆ ಇಳಿಯುವಾಗಿನ ನೋಟ.

ನವೆಂಬರ್ 4

ಬಳ್ಳಾರಿಗೆ ಬಂದ ಮರುದಿನವೇ ತಾನೇ ಗ್ಲಾಸು ತೊಳೆದಳು. ಬಾಯಿಗೆ ಹಾಕಿಕೊಂಡು ಆ ಕಪಾಳ ಈ ಕಪಾಳ ಆಡಿಸಿ, ಹೊತ್ತು ಬಿಟ್ಟು ಉಗುಳಿದಳು.

"ಯಾರೋ ಮಾತಾಡಾಕತ್ತಾರ, ದನೀನ ಕೇಳವಲ್ದು, ತುಟಿ ಆಡೋದಷ್ಟ ಕಾಣಾಕತ್ತೈತಿ. ಹಂಗೈತ್ರಿ." ನಾಲಿಗೆಯಿಂದ ಒಸಡು ಸವರಿಕೊಂಡು, "ಆದ್ರ ಹುಳಿ ಐತಿ. ಒಗರು ಐತಿ, ಒಸಡಿನ ಮ್ಯಾಲ ಕುಂತೈತಿ. ಮೈ ಐತಿ, ಹಾಲಿನಷ್ಟು ದಪ್ಪ. ಇದು ನನಗ ಸಿಕ್ಕೈತಿ."

ಇನ್ನು ಮೇಲೆ ಹೀಗೆ: ಮೂಗು ನಂದು, ಬಾಯಿ ಅವಳದ್ದು.

ನವೆಂಬರ್ 26, ಕುರುಗೋಡು

ಅಂಗಡಿ ಮುಚ್ಚಿ ಜೊತೆಗೆ ಹೋಗಿದ್ದೆ. ಕೊಟ್ರಬಸಪ್ಪನವರು ಪೀಪಾಯಿ ಮುಂದೆ ನಿಂತು ರುಚಿ ನೋಡಿಸುತ್ತೇನೆ ಅಂದಿದ್ದರಂತೆ. ಇವಳಿಗೆ ಒಬ್ಬಳೇ ಹೋಗಲು ಧೈರ್ಯ ಇರಲಿಲ್ಲ.

ಬಿಳಿ ಮೀಸೆಯ ದೊಡ್ಡಾಳು ಅವರು. ಅದಿರು ಲಾರಿ ಓಡಿಸಿ, ಆಮೇಲೆ ಲಾರಿಗಳನ್ನೇ ಇಟ್ಟುಕೊಂಡು, ಅವನ್ನೆಲ್ಲ ಮಾರಿ ದ್ರಾಕ್ಷಿ ಹಚ್ಚಿದವರು. ಗುಡ್ಡದ ಬಂಡೆಗಳು ಕಾದು ಕೂತಿದ್ದವು, ಒಳಗೆ ಮಾತ್ರ ತಂಪು. ಪೀಪಾಯಿಯಿಂದ ಎಳೆದು ಇವಳ ಗ್ಲಾಸಿಗೆ ಬಿಟ್ಟರು.

"ಹೇಳ್ರಿ ಸುನಂದಮ್ಮ."

ಇವಳು ತಿರುಗಿಸಿದಳು, ಮೂಗಿಟ್ಟಳು, ಕಣ್ಣು ಮುಚ್ಚಿದಳು. "ನೇರಳಿ ಹಣ್ಣು. ಪಲಾವ್ ಎಲಿ. ಹಿಂದ ಕಟ್ಟಿಗಿ, ಉತ್ತತ್ತಿ." ನಾನು ವಾರದ ಹಿಂದೆ ಮನೆಯಲ್ಲಿ ಹೇಳಿದ್ದು, ಅದೇ ಮಾತು, ಅದೇ ವರಸೆ. ಕೊಟ್ರಬಸಪ್ಪನವರು ನನ್ನ ಕಡೆ ತಿರುಗಿ, "ನೋಡ್ರಿ, ಎಂಥಾ ಮೂಗು!" ಅಂದರು.

ನೆಲ ನೋಡಿದೆ.

ಬಸ್ಸಿನಲ್ಲಿ ಕೋಳೂರು ಕ್ರಾಸ್ ದಾಟುವಾಗ ಕಿಟಕಿ ಕಡೆ ಮುಖ ಮಾಡಿ ಅಂದಳು, "ಎಷ್ಟು ದಿನಾಂತ ನಿಮ್ಮ ಮೂಗಿನ್ಯಾಗ ಬದುಕ್ಲಿ?"

ಕೈ ಹಿಡಿದೆ.

ಡಿಸೆಂಬರ್ 8, ಭಾನುವಾರ

ಚಲೋ ದಿನ. ಬೆಳಿಗ್ಗೆಯೇ ಹಾಡು ಗುನುಗುತ್ತಿದ್ದಳು. ಅಡುಗೆಮನೆ ಕಟ್ಟೆಯ ಮೇಲೆ ಅಳತೆ ಗ್ಲಾಸು, ಬಾಟಲಿ, ಒದ್ದೆ ಬಟ್ಟೆ. ಮೊದಲ ಸಲ ಬೆರೆಸಿ ನೋಡುವುದು. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತರೆ ಹಳೆ ಸುನಂದಾ.

ಬಾಗಿಲ ಕಡೆಯ ಪೀಪಾಯಿಯ ಮೆರ್ಲೋ ಕೊಟ್ಟಳು. ಅದನ್ನೇ ಜಾಸ್ತಿ ಹಾಕುವ ಆಸೆ. ತನ್ನ ಕೈಯಿಂದ ತುಂಬಿದ್ದಂತೆ, ಪೆಟ್ಟಾಗುವ ಹಿಂದಿನ ವಾರ ಮೂಸಿ ನೋಡಿದ ಕೊನೆಯ ಪೀಪಾಯಿಯಂತೆ.

ಮೂಗಿಟ್ಟೆ. ನೇರಳೆ ಇತ್ತು. ಅದರ ಮೇಲೆ ಇನ್ನೊಂದು — ಉಗುರಿಗೆ ಹಚ್ಚುವ ಬಣ್ಣದ ವಾಸನೆ. ಚೂಪು. ಮತ್ತೆ ನೋಡಿದೆ. ಇತ್ತು.

"ಹೆಂಗೈತ್ರಿ?" ತಾನೂ ಒಂದು ಗುಟುಕು ಬಾಯಲ್ಲಾಡಿಸಿ ಉಗುಳಿ, ಎರಡೂ ಕೈ ಗದ್ದದ ಕೆಳಗಿಟ್ಟುಕೊಂಡು ಕೇಳುತ್ತಿದ್ದಾಳೆ.

"ಚಲೋ ಐತಿ. ಹಣ್ಣು. ಎಲ್ಲಾದ್ರಕಿಂತ ಚಲೋ."

ಅದೇನು ದೊಡ್ಡದು? ನನ್ನ ಮೂಗೇ ತಪ್ಪಿರಬಹುದು. ಆ ಮುಖ ನೋಡಿದವರು ಯಾರೂ ಬೇರೆ ಹೇಳುತ್ತಿರಲಿಲ್ಲ.

ಡಿಸೆಂಬರ್ 17

ಲ್ಯಾಬಿನಿಂದ ರಿಪೋರ್ಟ್ ಬಂತು. ಬ್ಲೆಂಡ್‌ಗೆ ಮೊದಲು ಎಲ್ಲ ಪೀಪಾಯಿಯದೂ ಕಳಿಸುವುದು ರೂಢಿಯಂತೆ. ಬಾಗಿಲ ಕಡೆಯದು ಹುಳಿತು ವಿನೆಗರ್ ಆಗಲು ಹೊರಟಿದೆ. ಗಾಳಿ ಹೊಕ್ಕಿದೆ. ಬೆರೆಸಿದ್ದರೆ ಎಲ್ಲವನ್ನೂ ಕೆಡಿಸುತ್ತಿತ್ತು.

ಚೀಲವನ್ನೂ ಇಳಿಸದೆ ಕೇಳಿದಳು. "ನಿಮಗ ವಾಸನಿ ಬಂದಿರಲಿಲ್ಲಾ?"

ಚೀಲ ಇಸಿದುಕೊಳ್ಳಲು ಕೈ ಚಾಚಿದೆ. ಕೊಡಲಿಲ್ಲ.

"ನೇಲ್ ಪಾಲಿಶ್‌ನಂಥಾದ್ದು. ಬಂದಿರಬೇಕು. ಬಂದಿತ್ತಾ, ಇಲ್ಲಾ?"

"ಬಂದಿತ್ತು."

ಕುರ್ಚಿಯಲ್ಲಿ ಕೂತಳು. ಕಿರುಚಿದ್ದರೆ ಚಲೋ ಇತ್ತು.

"ಯಾಕ್ರಿ?"

"ನೀ ಅವತ್ತು ಖುಷಿಯಾಗಿದ್ದಿ. ಅದಕ್ಕ..."

"ನನಗ ಅವತ್ತ ಗಂಟಲಾಗ ಚುರುಕ್ ಅಂದಿತ್ತು. ಏನೋ ಐತಿ ಅನಸ್ತು. ನೀವು ಚಲೋ ಐತಿ ಅಂದ್ರಿ. ನನ್ನ ಬಾಯಿ ಬಿಟ್ಟು ನಿಮ್ಮ ಮೂಗು ನಂಬಿದೆ ನಾ." ಚೀಲ ನೆಲಕ್ಕಿಟ್ಟಳು. "ನೀವು ಸುಳ್ಳು ಹೇಳಿದ್ರ ನನಗ ತಿಳಿಯಂಗಿಲ್ಲ. ಒಂದಿಷ್ಟೂ ತಿಳಿಯಂಗಿಲ್ಲ. ಅದಕ್ಕ ನೀವು ಹೇಳಬಾರದಿತ್ತು."

ಒಳಗೆ ಹೋದಳು. ನಾನು ಅಲ್ಲೇ ನಿಂತೆ. ಕುರುಡರ ಕೈ ಹಿಡಿದು ರಸ್ತೆ ದಾಟಿಸುವಾಗ, ಪಾಪ ಹೆದರುತ್ತಾರೆ ಅಂತ ಲಾರಿ ಬರುತ್ತಿರುವುದನ್ನು ಹೇಳದೆ ಇದ್ದ ಹಾಗಾಯಿತು ನಾನು ಮಾಡಿದ್ದು.

ಡಿಸೆಂಬರ್ 18

ಮಾತಿಲ್ಲ. ಊಟ ಬಡಿಸಿದಳು. ನಾಲ್ಕು ಸೀಸೆಯ ಪಾಠ ತಾನೊಬ್ಬಳೇ ಮಾಡಿಕೊಂಡಳು.

ಡಿಸೆಂಬರ್ 21, ಮಧ್ಯಾಹ್ನ

ಬೆಳಿಗ್ಗೆ ಎದ್ದವಳೇ, "ಕೊಟ್ರಬಸಪ್ಪನವರಿಗಿ ಹೇಳಾಕ ಹೊಂಟೀನಿ" ಅಂದಳು. ಬರಲಾ ಅಂದೆ. "ಬರ್ರಿ. ಆದ್ರ ಮಾತಾಡಬ್ಯಾಡ್ರಿ."

ವೈನರಿ ಮುಂದಿನ ಕಟ್ಟೆ. ಅವರು ಮಂಡಕ್ಕಿ ತಿನ್ನುತ್ತಾ ಕೂತಿದ್ದರು. ಇವಳು ನಿಂತುಕೊಂಡೇ ಹೇಳಿದಳು — ಬಿದ್ದದ್ದು, ಮೂಗು ಹೋದದ್ದು, ನನ್ನ ಬಾಯಿಂದ ಕಲಿತು ಒಪ್ಪಿಸಿದ್ದು, ಬಾಗಿಲ ಕಡೆಯ ಪೀಪಾಯಿ. ನನ್ನ ಸುಳ್ಳು ಮಾತ್ರ ಹೇಳಲಿಲ್ಲ. "ನನಗ ತಿಳೀಲಿಲ್ಲ" ಅಂದಳು ಅಷ್ಟೆ. ಆಗ ನಾನು ಮಾತು ಮುರಿದೆ. "ಇಲ್ರಿ ಸಾವ್ಕಾರ್ರ, ನನಗ ತಿಳಿದಿತ್ತು. ನಾ ಮುಚ್ಚಿಟ್ಟೆ."

ಅವರು ಮಂಡಕ್ಕಿ ತಟ್ಟೆ ಪಕ್ಕಕ್ಕಿಟ್ಟರು. ಮುಖ ಕೆಂಪಾಯಿತು.

"ಇಷ್ಟು ದಿನ ನನ್ನ ಮುಂದ ನಾಟಕ ಆಡಿದ್ರಿ ಹಂಗಾರ."

"ಹೌದ್ರಿ."

"ನನ್ನ ಕೆಲಸ ಮುಗಿಸಿ ಹೋಗೂವಾಗ ಬಿದ್ರಿ ನೀವು. ನನ್ನ ಕೆಲಸಕ್ಕ ಬಂದು! ದವಾಖಾನಿಗಿ ಬಂದು ನಿಮ್ಮ ಕಾಲ ಹತ್ರ ಕುಂತಿದ್ದೆ. ಅವತ್ತ ಹೇಳಬಾರದೇನು? ಅಷ್ಟು ಕೆಟ್ಟ ಮನಷಾನ ನಾ?"

ಇವಳು ಅತ್ತಳು. ಅವರು ಹೆಗಲ ಮೇಲಿನ ಟವೆಲ್ ತೆಗೆದು ಕೊಡಲು ಹೋಗಿ, ಮತ್ತೆ ಹೆಗಲಿಗೇ ಹಾಕಿಕೊಂಡರು.

"ಖರೆ ಹೇಳ್ತೀನಿ ಕೇಳ್ರಿ," ಅಂದರು ಕೊನೆಗೆ. "ಆ ನೇರಳಿ, ಆ ಎಲಿ, ನನಗ ಯಾವತ್ತೂ ಬಂದಿಲ್ಲ. ನಾ ವೈನ್ ನೋಡ್ತಿರಲಿಲ್ಲ. ನಿಮ್ಮ ಮುಖ ನೋಡ್ತಿದ್ದೆ. ಮುಖ ಅರಳಿದ್ರ ಸರಿ ಐತಿ ಅಂತ ತಿಳೀತಿತ್ತು."

ಎದ್ದು ಎರಡು ಹೆಜ್ಜೆ ಹೋಗಿ ತಿರುಗಿದರು.

"ಬ್ಲೆಂಡ್ ನೀವ ಮಾಡ್ರಿ. ಇಬ್ಬರೂ ಕೂಡಿ ಮಾಡ್ರಿ, ಕದ್ದಲ್ಲ, ಇಲ್ಲೇ, ನನ್ನ ಕಣ್ಣ ಮುಂದ. ಆಮ್ಯಾಲ ಹೊರಗಿನವರನ್ನ ಕರಸ್ತೀನಿ. ಅವರು ಸರಿ ಐತಿ ಅಂದ್ರ ನೀವು ಇರ್ರಿ. ಇಲ್ಲಂದ್ರ... ಆವಾಗ ನೋಡೂಣು."

ಬಸ್ಸಿನಲ್ಲಿ ಇವಳ ತಲೆ ನನ್ನ ಹೆಗಲ ಮೇಲೆ ಬಂತು. "ಮಾತಾಡಬ್ಯಾಡ್ರಿ ಅಂದಿದ್ದೆ ನಾ," ಅಂದಳು. ಇಷ್ಟು ದಿನಗಳಲ್ಲಿ ನನಗೆ ಹೇಳಿದ ಮೊದಲ ಸರಿಯಾದ ಮಾತು.

ಜನವರಿ 5, ಕುರುಗೋಡು

ಭಾನುವಾರಗಳೆಲ್ಲ ಈಗ ಇಲ್ಲೇ. ಹೊಸ ಕಾನೂನು ಇವಳದ್ದು: ಮೊದಲು ಇವಳು ಬಾಯಿಗೆ ಹಾಕಿಕೊಂಡು ಹೇಳಬೇಕು. ಆಮೇಲೆ ನಾನು ಮೂಗಿನದ್ದು. ಒಬ್ಬರ ಮಾತು ಕೇಳಿ ಇನ್ನೊಬ್ಬರು ಬದಲಿಸಬಾರದು.

ಮೂರು ಬಗೆ ಬೆರೆಸಿದೆವು. ಒಂದರಲ್ಲಿ ಶಿರಾಜ್ ಜಾಸ್ತಿ. ಮೂಗಿಟ್ಟ ಕೂಡಲೇ ಕರಿಮೆಣಸು, ಹೊಗೆ, ಎದ್ದು ಬಂದು ಕೈ ಕುಲುಕುವಂಥದ್ದು. "ಇದ ಇರಲಿ!" ಅಂದೆ.

"ಬಾಯಾಗ ಒರಟೈತಿ. ಮುಂದ ಜೋರಾಗಿ ಬಂದು ಹಿಂದ ಬರಿದಾಗ್ತೈತಿ. ಆ ಎರಡನೇದ್ದು ನೋಡ್ರಿ, ಮೆರ್ಲೋ ಹೆಚ್ಚಿಂದು. ನುಂಗದಿದ್ರೂ ಬಾಯಾಗ ಉಳೀತೈತಿ."

"ಮೂಗಿಗಿ ಭಾಳ ಸುಮ್ಮನ ಐತಿ ಅದು."

"ಇರಲಿ."

"ವಾಸನಿ ನೋಡೋ ಮಂದೀನ ಹೆಚ್ಚು ಅಂತ ನೀನ ಅಂದಿದ್ದಿ..."

"ಅಂದಿದ್ದೆ. ಈಗ ನನ್ನ ಹತ್ರ ಇರೋದು ಬಾಯಿ. ಅದರ ಮಾತು ಒಂದ್ಸಲ ಬಿಟ್ಟೀನಿ, ಮತ್ತ ಬಿಡಂಗಿಲ್ಲ."

ಎರಡನೆಯದೇ ಆಯಿತು. ಕ್ಯಾಬರ್ನೆ ಒಂದು ಚೂರು ಹೆಚ್ಚಿಸು ಅಂದೆ, ಹಸಿ ದೊಣ್ಣೆಮೆಣಸಿನಕಾಯಿ ವಾಸನೆ ಬಂತು, ಅದನ್ನೂ ಹೇಳಿದೆ. ಕಡಿಮೆ ಮಾಡಿದಳು. ಹೋಯಿತು. ಸಿಟ್ಟಾಗಲಿಲ್ಲ. "ಹಿಂಗ ಹೇಳಬೇಕು ನೋಡ್ರಿ," ಅಂತ ನನ್ನ ಕೈಗೆ ಮೆಲ್ಲಗೆ ಹೊಡೆದಳು.

ಕೊಟ್ರಬಸಪ್ಪನವರು ದೂರದಲ್ಲಿ ಕುರ್ಚಿ ಹಾಕಿಕೊಂಡು ನಮ್ಮಿಬ್ಬರ ಮುಖ ನೋಡುತ್ತಿದ್ದರು. ಹಳೆ ಚಾಳಿ.

ಜನವರಿ 27

ಸುಧಾರಾಣಿ ಅನ್ನುವವರು ಬಂದಿದ್ದರು. ಪುಣೆಯಲ್ಲಿದ್ದಾರೆ, ಮೂಲ ಹೊಸಪೇಟೆ. ವೈನ್ ರುಚಿ ನೋಡಿ ತೀರ್ಪು ಹೇಳುವುದೇ ಕೆಲಸ. ಹೆಸರು ಚೀಟಿ ಇಲ್ಲದ ಗ್ಲಾಸುಗಳನ್ನು ಸಾಲಾಗಿ ಇಟ್ಟಿದ್ದರು: ನಮ್ಮದು, ಶಿರಾಜ್ ಜಾಸ್ತಿಯದ್ದು, ಬರೇ ಮೆರ್ಲೋ. ಇವಳು ಕಿಟಕಿ ಹತ್ತಿರ ನಿಂತಿದ್ದಳು. ಕೈ ನಾನು ಹಿಡಿದುಕೊಂಡಿದ್ದೆ.

ಆಯಮ್ಮ ಮೂಸಿದರು, ಉಗುಳಿದರು, ಬರೆದರು. ಮತ್ತೆ ಹಿಂದಕ್ಕೆ ಹೋದರು. ಕೊಟ್ರಬಸಪ್ಪನವರ ಮೀಸೆ ಕುಣಿಯುತ್ತಿತ್ತು.

ಶಿರಾಜ್ ಗ್ಲಾಸು ಮುಟ್ಟಿ, "ಇದು ಮೊದಲ ಗುಟುಕಿಗೆ ಎಲ್ಲರಿಗೂ ಹಿಡಿಸುತ್ತೆ. ಎರಡನೇ ಗ್ಲಾಸು ಯಾರೂ ಕೇಳಲ್ಲ," ಅಂದರು. ಆಮೇಲೆ ನಮ್ಮದನ್ನು ಎತ್ತಿ ಬೆಳಕಿಗೆ ಹಿಡಿದರು.

"ಇದು ಮೂಗಿಗೆ ನಾಚಿಕೆ ಸ್ವಭಾವದ್ದು. ಬೇಗ ಮಾತಾಡಲ್ಲ. ಆದರೆ ಬಾಯಲ್ಲಿ... ಹುಳಿ, ಒಗರು ಎರಡೂ ಒಂದನ್ನೊಂದು ಹಿಡಿದು ನಿಂತಿವೆ. ಹೋದ ಮೇಲೂ ಇದೆ. ಇದನ್ನು ಮಾಡಿದವರು ಮೂಗು ಬಿಟ್ಟು ಬಾಯಿಂದ ಮಾಡಿದ್ದಾರೆ."

ಮೊದಲು ನಕ್ಕವಳು ಸುನಂದಾ. ಆಮೇಲೆ ಕೊಟ್ರಬಸಪ್ಪನವರು, ಹೊಟ್ಟೆ ಹಿಡಿದುಕೊಂಡು. ಪಾಪ ಆಯಮ್ಮ ಏನೂ ತಿಳಿಯದೆ ಎಲ್ಲರ ಮುಖ ನೋಡಿದರು. ಸುನಂದಾ ತಾನೇ ಹೋಗಿ ಹತ್ತಿರ ಕೂತು ಹೇಳಿದಳು. ಕೇಳಿದ ಮೇಲೆ ಆಯಮ್ಮ ಇವಳ ಗ್ಲಾಸಿಗೆ ತಮ್ಮ ಕೈಯಿಂದ ಸ್ವಲ್ಪ ಹಾಕಿದರು. ಇಬ್ಬರೂ ಒಟ್ಟಿಗೆ ಬಾಯಿಗೆ ಹಾಕಿಕೊಂಡರು.

ಬಾಟಲಿಗೆ ತುಂಬುವುದು ಅಂತ ತೀರ್ಮಾನ. ಮೂಗಿಗೆ ಒಬ್ಬರನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತಾರಂತೆ, ಇವಳ ಕೈಕೆಳಗೆ. "ಅಲ್ಲಿ ತನಕ ನಿಮ್ಮದ ನಡೀಲಿ," ಅಂದರು ಸಾವ್ಕಾರ್ರು, ನನ್ನ ಮೂಗು ತೋರಿಸಿ.

ಫೆಬ್ರವರಿ 19

ಹೊಸ ಕೊಯ್ಲು. ಬರೆಯಲು ಪುರುಸೊತ್ತಿಲ್ಲ. ಮನೆಗೆ ಬರುವಷ್ಟರಲ್ಲಿ ಇವಳ ಬೆರಳೆಲ್ಲ ನೇರಳೆ. ನಿನ್ನೆ ಸ್ಕೂಟಿ ಮೇಲಿನ ಧೂಳು ಒರೆಸಿ, ಓಣಿಯ ತುದಿ ತನಕ ಹೋಗಿ ಬಂದಳು.

ಸೀಸೆಗಳ ಪಾಠ ನಡೆದಿದೆ. ಲವಂಗ — ಇಲ್ಲ. ಈಗ "ಇಲ್ಲ" ಅಂದು ಚಹಾ ಇಡಲು ಎದ್ದು ಹೋಗುತ್ತಾಳೆ.

ಮಾರ್ಚ್ 2, ಭಾನುವಾರ, ಬೆಳಿಗ್ಗೆ

ರಜೆ. ಇವಳು ತಲೆಗೆ ಸ್ನಾನ ಮಾಡಿ ಬಂದು ಬಿಸಿಲು ಬೀಳುವ ಜಾಗದಲ್ಲಿ ಕೂತಳು. ನಾನು ಪೇಪರ್ ನೋಡುತ್ತಿದ್ದೆ.

"ಒಂದು ಕೇಳ್ತೀನಿ. ಸುಳ್ಳು ಹೇಳಬಾರದು."

"ಹೇಳಂಗಿಲ್ಲ."

"ನಾ... ಹೆಂಗ ವಾಸನಿ ಬರ್ತೀನ್ರಿ?"

ಪೇಪರ್ ಕೆಳಗಿಟ್ಟೆ.

"ಬಸ್ಸಿನ್ಯಾಗ ಯಾರರ ಪಕ್ಕ ಕುಂತ್ರ ಮೈಯೆಲ್ಲ ಹಿಡಕೊಂಡು ಕುಂದರ್ತೀನಿ. ದಿನಾ ಎರಡೆರಡು ಸಲ ಜಳಕ ಮಾಡಾಕತ್ತೀನಿ, ನೀವು ನೋಡೇ ಇಲ್ಲ. ನನಗ ನಾನ ತಿಳಿಯಂಗಿಲ್ಲಲ್ಲ. ಯಾರನ್ನ ಕೇಳ್ಲಿ? ಅವ್ವನ್ನ ಕೇಳಿದ್ರ ಅಳ್ತಾಳ." ಟವೆಲ್ಲಿನ ತುದಿ ಹಿಂಡುತ್ತಾ, "ಪೀಪಾಯಿದು ಹೇಳ್ತಿದ್ರಲ್ಲ, ಹಂಗ ಹೇಳ್ರಿ."

ಇಷ್ಟು ತಿಂಗಳು ಇಡೀ ಊರು ಮೂಸಿ ಬಂದು ಹೇಳಿದೆ ಇವಳಿಗೆ. ಬೆಲ್ಲ ಹಳೆಯದೋ ಹೊಸದೋ ಅಂತ ಹೇಳಿದೆ. ಇದು ಹೇಳಿರಲಿಲ್ಲ.

ಬಾಯಿಂದ ಬರಲಿಲ್ಲ. "ಬರದು ಕೊಡ್ತೀನಿ," ಅಂದೆ. ಡೈರಿ ತಂದು ಎದುರಿಗೇ ಕೂತಿದ್ದೇನೆ. ಯಾರೂ ಓದದ್ದು ಇದು. ಇವತ್ತು ಒಬ್ಬಳು ಓದುತ್ತಾಳೆ. ಟವೆಲ್ಲಿನಿಂದ ಕೂದಲು ಕೊಡವುತ್ತಾ ಓರೆಗಣ್ಣಲ್ಲಿ ನೋಡುತ್ತಿದ್ದಾಳೆ.

ಕೂದಲು: ಸೀಗೆಪುಡಿ. ಅದು ಆರಿದ ಮೇಲೆ, ಬಿಸಿಲಲ್ಲಿ ಒಣಗಿದ ಹತ್ತಿ ಬಟ್ಟೆ.

ಹಣೆ: ವಿಭೂತಿ. ತಂಪು.

ಕೈ: ದ್ರಾಕ್ಷಿ ತೊಟ್ಟಿನ ಹಸಿರು. ಸಾಬೂನಿಗೆ ಬಗ್ಗುವುದಿಲ್ಲ. ಅದರ ಕೆಳಗೆ ಬೆಳ್ಳುಳ್ಳಿ, ನಿನ್ನೆಯದು.

ಸಂಜೆ ಬಸ್ಸಿಳಿದು ಬಂದಾಗ: ಬೆವರು. ಹೌದು, ಇರುತ್ತದೆ. ಉಪ್ಪು, ಧೂಳು, ದಾರಿಯ ಬಿಸಿ. ಪಕ್ಕ ಕೂತವರು ಸರಿದು ಕೂರುವಂಥದ್ದಲ್ಲ. ನಾನು ಹತ್ತಿರ ಬರುವಂಥದ್ದು. ಸುಳ್ಳಲ್ಲ.

ಕಿವಿಯ ಹಿಂದೆ, ಕುತ್ತಿಗೆ ಶುರುವಾಗುವಲ್ಲಿ: ಇದಕ್ಕೆ ಹೆಸರು ಹುಡುಕುತ್ತಿದ್ದೇನೆ. ಹಣ್ಣಲ್ಲ. ಹೂವಲ್ಲ. ಯಾವ ಅಂಗಡಿಯಲ್ಲೂ ಇಲ್ಲ. ಮದುವೆಯಾದಾಗಿನಿಂದ ಗೊತ್ತು, ಎಂದೂ ಹೆಸರಿಟ್ಟಿಲ್ಲ. ಇನ್ನೊಂದು ಸಲ ನೋಡದೆ ಬರೆದರೆ ತಪ್ಪಾಗುತ್ತದೆ.

"ಒಂಚೂರು ಇಲ್ಲಿ ಬಾ," ಅಂದೆ. "ಯಾಕ್ರಿ?" ಅಂದಳು. "ಸರಿಯಾಗಿ ಬರೀಬೇಕಲ್ಲ." ಟವೆಲ್ ಬಿಟ್ಟು ಎದ್ದಳು. ಬರುತ್ತಿದ್ದಾಳೆ, ಒದ್ದೆ ಕೂದಲನ್ನು ಒಂದು ಪಕ್ಕಕ್ಕೆ ಸರಿಸಿ, ನಗು ತಡೆದುಕೊಂಡು, ಈ ಕುರ್ಚಿಯ ಹತ್ತಿರ ಬಗ್ಗಿ, ನನ್ನ ಪೆನ್ನಿಗೆ ಕೈ ಹಾಕಿ —